ದಡದಿಂದ ಮೀನು ಹಿಡಿಯಲು ರಾಡ್, ಕೈಗಾಳ, ಬೀಸುಬಲೆ: ಯಾವುದು ನಿಮಗೆ?

ಮರವಂತೆ, ಕುಂದಾಪುರದ ಕಡೆ ಒಂದು ದಿನ ಮೀನು ಹಿಡಿಯೋಕೆ ಏನು ಒಯ್ಯಬೇಕು ಅಂತ ಕೇಳಿದ್ದೀರಿ.

ಖರ್ಚಿನಲ್ಲಿ ಕೈಗಾಳವೇ ಅಗ್ಗ. ನೈಲಾನ್ ದಾರ, ಕೊಕ್ಕೆ, ಸೀಸದ ಗುಂಡು, ಅಷ್ಟೇ. ರಾಡ್ ಮತ್ತು ದಾರ ಸುತ್ತುವ ರೀಲ್‌ಗೆ ಸಾವಿರಗಟ್ಟಲೆ ಬೇಕು. ಬೀಸುಬಲೆ ಕೊಳ್ಳೋದಕ್ಕಿಂತ ಬೀಸೋದು ಕಲಿಯೋದೇ ಕಷ್ಟ. ಅದು ಗಾಳಿಯಲ್ಲಿ ದುಂಡಗೆ ಅರಳಬೇಕು, ಇಲ್ಲಾಂದ್ರೆ ಮುದ್ದೆಯಾಗಿ ಬೀಳುತ್ತದೆ. ಒಂದೇ ದಿನ ಇದೆ ಅಂದ್ರೆ ಅದನ್ನು ಮರೆತುಬಿಡಿ.

ನಿಜವಾದ ವ್ಯತ್ಯಾಸ ಕಾಣೋದು ಅಲೆಗಳ ಮುಂದೆ. ತೆರೆದ ಕಡಲಲ್ಲಿ ಹತ್ತು, ಹನ್ನೆರಡು ಅಡಿಯ ರಾಡ್ ಇದ್ದರೆ ಗಾಳ ಅಲೆ ಒಡೆಯುವ ಜಾಗ ದಾಟಿ ಬೀಳುತ್ತದೆ. ದಾರವೂ ನೊರೆಗಿಂತ ಮೇಲೆ ನಿಲ್ಲುತ್ತದೆ. ಕೈಗಾಳ ಅಷ್ಟು ದೂರ ಹೋಗಲ್ಲ. ಆದರೆ ಕಾಣೆ ಮೀನು ಮರಳು ತಳದ ಆಳವಿಲ್ಲದ ನೀರಿನಲ್ಲೂ ಮೇಯುತ್ತದೆ. ಸಣ್ಣ ಕೊಕ್ಕೆಗೆ ಸಿಗಡಿ ಚೂರು ಸಿಕ್ಕಿಸಿದರೆ ಕೈಗಾಳಕ್ಕೂ ಸಿಗುತ್ತದೆ. ಅದು ಕಚ್ಚುವುದು ಬೆರಳಿಗೇ ಗೊತ್ತಾಗುತ್ತೆ, ನನಗಂತೂ ಆ ಮಜಾ ರಾಡ್‌ನಲ್ಲಿಲ್ಲ. ಬಲೆಗೆ ಶಾಂತ ನೀರು ಬೇಕು, ಗಂಗೊಳ್ಳಿಯಂಥ ಅಳಿವೆ (ನದಿ ಕಡಲು ಸೇರುವ ಜಾಗ) ಸರಿ. ಬಂಡೆ ಇದ್ದಲ್ಲಿ ಬಲೆ ಹರಿದುಹೋಗುತ್ತದೆ.

ಬಾಳಿಕೆಯಲ್ಲಿ ರೀಲ್‌ಗೆ ಉಪ್ಪೇ ಶತ್ರು. ಅದೇ ದಿನ ಸಿಹಿನೀರಲ್ಲಿ ತೊಳೆಯಿರಿ.

ಮಕ್ಕಳ ಜೊತೆ ಸುಮ್ನೆ ಒಂದು ದಿನಕ್ಕೆ ಕೈಗಾಳ ಸಾಕು. ಮತ್ತೆ ಮತ್ತೆ ಹೋಗೋರಿಗೆ ರಾಡ್. ಬಲೆ ಬೀಸಲು ಬಲ್ಲವರು ಜೊತೆಗಿದ್ದರೆ ಅಳಿವೆಗೆ ಹೋಗಿ. ಮಳೆಗಾಲದಲ್ಲಿ ಮಾತ್ರ ಯಾವುದನ್ನೂ ಹಿಡಿದು ನೀರಿಗಿಳಿಯಬೇಡಿ.