ಕೇಳುವ ರೇಡಿಯೊ, ದಾಟದ ಮಾತು: ವಿಎಚ್‌ಎಫ್ ದೋಷ ಹುಡುಕುವ ನಾಲ್ಕು ಪರೀಕ್ಷೆಗಳ ಹೋಲಿಕೆ

ಇತರ ದೋಣಿಗಳೊಡನೆ ಮಾತಾಡಲು ಬಳಸುವ ನಮ್ಮ ದೋಣಿಯ 25 ವಾಟ್ ವಿಎಚ್‌ಎಫ್ ರೇಡಿಯೊದಲ್ಲಿ ಬೇರೆಯವರ ಮಾತು ಸ್ಪಷ್ಟವಾಗಿ ಕೇಳಿಸುತ್ತಿದ್ದರೂ ನಾವಾಡಿದ ಮಾತು ಮಾತ್ರ ಎರಡು ನಾಟಿಕಲ್ ಮೈಲಿ ದೂರದ ದೋಣಿಗೆ ತುಂಡುತುಂಡಾಗಿ ತಲುಪುತ್ತಿತ್ತು. ದೋಷ ಹುಡುಕಲು ನಾಲ್ಕು ವಿಧಾನಗಳನ್ನು ಪ್ರಯೋಗಿಸಿದೆ. ಅವುಗಳಲ್ಲಿ ಎರಡು ದಾರಿ ತೋರಿಸಿದವು, ಎರಡು ದಾರಿ ತಪ್ಪಿಸಿದವು.

ಎಲ್ಲಕ್ಕಿಂತ ಸುಲಭವಾದದ್ದು ಪಕ್ಕದಲ್ಲೊಂದು ಕೈ ರೇಡಿಯೊ ಇಟ್ಟುಕೊಂಡು ಮಾತಾಡಿ ನೋಡುವುದು. ಮಾತು ಚೆನ್ನಾಗಿಯೇ ಕೇಳಿಸಿತು, ಆದರೆ ಅದರಿಂದ ಏನೂ ಸಾಬೀತಾಗಲಿಲ್ಲ. ರೇಡಿಯೊದಿಂದ ಆಂಟೆನಾಗೆ ಹೋಗುವ ಕೇಬಲ್‌ನಿಂದ ಸೋರುವ ಅಲ್ಪ ಶಕ್ತಿಯೂ ಅಷ್ಟು ಹತ್ತಿರಕ್ಕೆ ಧಾರಾಳವಾಗಿ ಸಾಕು. ಮೈಕ್ ಮತ್ತು ಮಾತಾಡಲು ಒತ್ತುವ ಅದರ ಗುಂಡಿ ಸರಿಯಿವೆಯೇ ಎಂದು ತಿಳಿಯುವುದಕ್ಕಷ್ಟೇ ಈ ಪರೀಕ್ಷೆಯನ್ನು ನಂಬಬಹುದು.

ಸಾಧಾರಣ ಮಲ್ಟಿಮೀಟರ್ ಇದಕ್ಕಿಂತ ಬಹಳ ಹೆಚ್ಚು ಕಲಿಸಿತು. ಕೇಳುವಾಗ ಅರ್ಧ ಆಂಪಿಯರ್‌ನಷ್ಟು ವಿದ್ಯುತ್ತನ್ನೂ ಬಳಸದ ರೇಡಿಯೊ ಪೂರ್ಣ ಶಕ್ತಿಯಲ್ಲಿ ಪ್ರಸಾರ ಮಾಡುವಾಗ ಐದಾರು ಆಂಪಿಯರ್ ಎಳೆಯುತ್ತದೆ. ಆದ್ದರಿಂದ ಗುಂಡಿ ಒತ್ತಿ ಹಿಡಿದೇ ರೇಡಿಯೊದ ಹಿಂಬದಿಯ ತಂತಿಗಳಲ್ಲಿ ವೋಲ್ಟೇಜ್ ಅಳೆಯಬೇಕು. ಸುಮ್ಮನಿದ್ದಾಗ 12.6 ವೋಲ್ಟ್ ಇದ್ದದ್ದು ಒತ್ತಿದೊಡನೆ 10.4ಕ್ಕೆ ಕುಸಿಯಿತು. ಒಂದು ವಾಟ್‌ನಲ್ಲಿ ಮಾತು ಕಡಿಯದೆ ಸಾಗಿ, 25 ವಾಟ್‌ನಲ್ಲಿ ಮಾತ್ರ ತುಂಡಾಗುತ್ತಿದ್ದುದರ ಕಾರಣ ಆಗ ಹೊಳೆಯಿತು. ಫ್ಯೂಸ್ ಹಿಡಿಕೆಯಲ್ಲೂ ಋಣ ತಂತಿಯ ಜೋಡಣೆಯಲ್ಲೂ ಕಿಲುಬು ಹಿಡಿದಿತ್ತು. ಅದನ್ನು ಉಜ್ಜಿ ಹೊಸದಾಗಿ ಜೋಡಿಸಿದ ಬಳಿಕ ವೋಲ್ಟೇಜ್ 12.1ರಲ್ಲಿ ನಿಂತಿತು. ಇದೇ ಮೀಟರ್‌ನಿಂದ ಆಂಟೆನಾದ ರೋಧವನ್ನು ಅಳೆದು ತೀರ್ಪು ಕೊಡುವುದು ಮಾತ್ರ ತಪ್ಪು, ಏಕೆಂದರೆ ಹಲವು ಆಂಟೆನಾಗಳು ವಿನ್ಯಾಸದಿಂದಲೇ ರೋಧವಿಲ್ಲದೆ ಶಾರ್ಟ್ ಆದಂತೆ ಮೀಟರ್‌ಗೆ ಕಾಣುತ್ತವೆ.

ಮಾತು ತುಂಡಾಗುವುದು ನಿಂತರೂ ಅದು ತಲುಪುವ ದೂರ ಹೆಚ್ಚಲಿಲ್ಲ. ಆಗ ಕಳಿಸಿದ ಶಕ್ತಿಯಲ್ಲಿ ಎಷ್ಟು ಹಿಂದಿರುಗುತ್ತಿದೆ ಎಂಬುದನ್ನು ಒಂದು ಅನುಪಾತವಾಗಿ ತೋರಿಸುವ ಎಸ್‌ಡಬ್ಲ್ಯುಆರ್ ಮೀಟರನ್ನು ರೇಡಿಯೊ ಮತ್ತು ಕೇಬಲ್ ನಡುವೆ ಇಟ್ಟೆ. ಅಪಾಯದ ಕರೆಗಳಿಗೆ ಮೀಸಲಾದ 16ನೇ ಚಾನೆಲ್ಲನ್ನು ಬಿಟ್ಟು ಬೇರೊಂದು ಚಾನೆಲ್‌ನಲ್ಲಿ ಕೆಲವೇ ಕ್ಷಣ ಗುಂಡಿ ಒತ್ತಿದಾಗ ಅದು 1.4 ತೋರಿಸಿತು. 1.5ಕ್ಕಿಂತ ಕಡಿಮೆ ಇದ್ದರೆ ಉತ್ತಮವೆಂಬ ರೂಢಿಯನ್ನು ನಂಬಿ ನಾನು ಅಲ್ಲಿಗೇ ನಿಲ್ಲಿಸಲಿದ್ದೆ. ಆದರೆ ಕೇಬಲ್ಲೇ ಶಕ್ತಿಯನ್ನು ನುಂಗುತ್ತಿದ್ದರೆ ಆಂಟೆನಾದಿಂದ ಹಿಂದಿರುಗುವ ಶಕ್ತಿಯೂ ದಾರಿಯಲ್ಲೇ ಕರಗಿ ಮೀಟರ್‌ವರೆಗೆ ಸ್ವಲ್ಪವೇ ಬರುತ್ತದೆ. ಕೆಟ್ಟ ಕೇಬಲ್ ಹೀಗೆ ಒಳ್ಳೆಯ ಅಂಕಿಯನ್ನು ತೋರಿಸಬಲ್ಲದು.

ಸತ್ಯವನ್ನು ಹೊರಗೆಳೆದದ್ದು ಆಂಟೆನಾದ ಬದಲು ಜೋಡಿಸಿ ಪ್ರಸಾರದ ಶಕ್ತಿಯನ್ನು ಹೀರಿಕೊಳ್ಳುವ 50 ಓಮ್‌ನ ಡಮ್ಮಿ ಲೋಡ್ ಮತ್ತು ಈ ರೇಡಿಯೊ ಬಳಸುವ 156 ಮೆಗಾಹರ್ಟ್ಸ್‌ಗೆ ತಕ್ಕ ಪವರ್ ಮೀಟರ್. ಇವೆರಡನ್ನೂ ನೇರವಾಗಿ ರೇಡಿಯೊಗೆ ಜೋಡಿಸಿದಾಗ 24 ವಾಟ್ ಬಂದಿತು. ಅಂದರೆ ರೇಡಿಯೊ ನಿರ್ದೋಷಿ. ಅವನ್ನೇ 12 ಮೀಟರ್ ಕೇಬಲ್‌ನ ಆಂಟೆನಾ ತುದಿಗೆ ಒಯ್ದು ಜೋಡಿಸಿದಾಗ ಸಿಕ್ಕಿದ್ದು ಎಂಟೇ ವಾಟ್. ತುದಿಯ ಕನೆಕ್ಟರ್ ಬಿಚ್ಚಿದರೆ ತಾಮ್ರದ ಹೆಣಿಗೆ ಕಪ್ಪಾಗಿತ್ತು, ನೀರು ಒಳಗೆ ಬಹುದೂರ ಇಳಿದಿತ್ತು. ಆರ್‌ಜಿ-213 ಎಂಬ ಬಗೆಯ ಹೊಸ ಕೇಬಲ್ ಎಳೆದು ಕನೆಕ್ಟರ್‌ಗೆ ನೀರು ಸೋರದ ಟೇಪ್ ಸುತ್ತಿದ ಮೇಲೆ ಅದೇ ತುದಿಯಲ್ಲಿ 19 ವಾಟ್ ಬಂದಿತು.

ಇನ್ನೊಮ್ಮೆ ಇಂಥ ದೋಷ ಬಂದರೆ ಮೊದಲು ಮಲ್ಟಿಮೀಟರನ್ನೂ ಅದರ ಬೆನ್ನಿಗೇ ಡಮ್ಮಿ ಲೋಡನ್ನೂ ಎತ್ತಿಕೊಳ್ಳುತ್ತೇನೆ. ಎಸ್‌ಡಬ್ಲ್ಯುಆರ್ ಮೀಟರನ್ನು ಕೇಬಲ್ ಸರಿಯಿದೆಯೆಂದು ಖಚಿತವಾದ ನಂತರವೇ ಬಳಸುತ್ತೇನೆ. ಆಂಟೆನಾವನ್ನಾಗಲಿ ಡಮ್ಮಿ ಲೋಡನ್ನಾಗಲಿ ಜೋಡಿಸದೆ ಗುಂಡಿ ಒತ್ತುವ ಪ್ರಯೋಗವನ್ನು ಯಾರೂ ಮಾಡಬಾರದು, ಅದರಿಂದ ಸರಿಯಿರುವ ರೇಡಿಯೊ ಸಹ ಸುಟ್ಟುಹೋಗಬಹುದು.