ಮಸಿನಗುಡಿ, ಕಬಿನಿ, ಮಸಾಯ್ ಮಾರಾ: ಮೂರೂ ಕಡೆ ಹೋಗಿ ಬಂದ ಮೇಲೆ

"ಆನೆ ನೋಡ್ಲಿಕ್ಕೆ ಆಫ್ರಿಕಾಕ್ಕಾ ಅತ್ತಿಗೆ? ನಮ್ಮ ತೋಟಕ್ಕೆ ಬಂದದ್ದು ಸಾಲದಾ?"

ಪಕ್ಕದ ತೋಟದ ಭಾವ ಕೇಳಿದ್ದು ಹೀಗೆ. ಅವರ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ನಮ್ಮ ಮನೆ ಕಾಸರಗೋಡಿನ ಮುಳ್ಳೇರಿಯದಿಂದ ಸ್ವಲ್ಪ ಒಳಗೆ. ಕಾರಡ್ಕ, ಅಡೂರು, ದೇಲಂಪಾಡಿ ಕಡೆಯವರಿಗೆ ಆನೆ ಅಂದರೆ ಬಾಳೆ ಹೋಯಿತು ಅಂತಲೇ ಅರ್ಥ. ಗಡಿಯ ಆಚೆಯ ಕಾಡಿನಿಂದ ರಾತ್ರಿ ಇಳಿದು ಬರುತ್ತವೆ. ತೂಗುವ ಸೋಲಾರ್ ಬೇಲಿ ಬಂದ ಮೇಲೆ ಕಾಟ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಹೀಗಿದ್ದರೂ ನಾವು ಗಂಡ ಹೆಂಡತಿ ಮೂರು ವರ್ಷದಲ್ಲಿ ಮೂರು ಸಲ ದುಡ್ಡು ಕೊಟ್ಟು ಆನೆ ನೋಡಲು ಹೋದೆವು. ಕಾರಣ ಸರಳ. ಮನೆಯಲ್ಲಿ ಆನೆ ಬಂದಾಗ ನಾವು ಬಾಗಿಲು ಹಾಕಿ ಒಳಗೆ ಕೂರುತ್ತೇವೆ. ಇಷ್ಟು ವರ್ಷದಲ್ಲಿ ಸದ್ದು ಕೇಳಿದ್ದೇ ಜಾಸ್ತಿ, ನೋಡಿದ್ದು ಕಡಿಮೆ.

ಮೊದಲನೆಯದು 2022ರ ಡಿಸೆಂಬರಿನಲ್ಲಿ ನೀಲಗಿರಿಯ ಮಸಿನಗುಡಿ. ಎರಡನೆಯದು 2023ರ ಏಪ್ರಿಲಿನಲ್ಲಿ ಕಬಿನಿ. ಮೂರನೆಯದು 2024ರ ಆಗಸ್ಟಿನಲ್ಲಿ ಕೆನ್ಯಾದ ಮಸಾಯ್ ಮಾರಾ. ಅದು ನಮ್ಮ ಮದುವೆಯ ಮೂವತ್ತನೇ ವರ್ಷಕ್ಕೆ ದುಬೈಯಲ್ಲಿರುವ ಮಗಳ ಉಡುಗೊರೆ. ಇಲ್ಲದಿದ್ದರೆ ನಾವು ಹೋಗುವ ಬಾಬತ್ತೇ ಅಲ್ಲ.

ದುಡ್ಡಿನ ವಿಷಯ ಮೊದಲೇ ಹೇಳಿ ಮುಗಿಸುತ್ತೇನೆ. ನಮ್ಮವರು ಎಲ್ಲವನ್ನೂ ಅಡಿಕೆಯಲ್ಲೇ ಲೆಕ್ಕ ಹಾಕುವವರು. ಕಿಲೋಗೆ 400 ರೂಪಾಯಿಯಂತೆ ಹಿಡಿದರೆ ಮಸಿನಗುಡಿಯ ಎರಡು ರಾತ್ರಿಗೆ ಇಬ್ಬರಿಗೂ ಸೇರಿ ಮುಕ್ಕಾಲು ಕ್ವಿಂಟಾಲ್ ಅಡಿಕೆ. ಕಬಿನಿಯ ಎರಡು ರಾತ್ರಿಗೆ ಎರಡು ಕ್ವಿಂಟಾಲ್. ಮಾರಾದ ನಾಲ್ಕು ರಾತ್ರಿಗೆ, ವಿಮಾನ ಎಲ್ಲ ಸೇರಿ, ಇಪ್ಪತ್ತೈದು ಕ್ವಿಂಟಾಲ್. ಅಂದರೆ ನಮ್ಮ ಇಡೀ ವರ್ಷದ ಕೊಯ್ಲು. ಈ ಲೆಕ್ಕವನ್ನು ಅವರು ನೈರೋಬಿಗೆ ಹೋಗುವ ವಿಮಾನದಲ್ಲಿ ಕೂತು ಹೇಳಿದರು. ನನಗೆ ಆಮೇಲೆ ನಿದ್ದೆ ಬರಲಿಲ್ಲ.

ಮಸಿನಗುಡಿಗೆ ಹೋಗುವುದೇನೋ ಸುಲಭ. ಜಾಲ್ಸೂರು, ಸುಳ್ಯ, ಮಡಿಕೇರಿ, ಮೈಸೂರು, ಗುಂಡ್ಲುಪೇಟೆ ದಾಟಿ ಬಂಡೀಪುರದ ರಸ್ತೆ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಆ ರಸ್ತೆ ಮುಚ್ಚಿರುತ್ತದೆ, ಹಾಗಾಗಿ ಹೊರಡುವ ಹೊತ್ತು ನೋಡಿಕೊಳ್ಳಬೇಕು. 2024ರ ಮೇ ತಿಂಗಳಿಂದ ನೀಲಗಿರಿಗೆ ಇ-ಪಾಸ್ ಕೂಡ ಬೇಕು. ನಾವು ಹೋಗುವಾಗ ಅದು ಇರಲಿಲ್ಲ. ಭಾಷೆಯ ತೊಂದರೆ ಇಲ್ಲ. ತಮಿಳುನಾಡು ಅಂತ ಬೋರ್ಡು ಹೇಳುತ್ತದೆ, ಚಹಾದಂಗಡಿಯವನು ನಮ್ಮ ಜೊತೆ ಕನ್ನಡದಲ್ಲೇ ಮಾತಾಡಿದ. ಇದು ನಮಗೆ ಹೊಸತಲ್ಲ. ನಮ್ಮ ಬೋರ್ಡು ಮಲಯಾಳದಲ್ಲಿ ಉಂಟು, ಮನೆಯ ಮಾತು ಕನ್ನಡ.

ರೆಸಾರ್ಟಿನ ಹೆಸರು ಬೇಡ. ಬುಕ್ ಮಾಡುವಾಗ "ಜಂಗಲ್ ಸಫಾರಿ ಸೇರಿದೆ" ಎಂದಿದ್ದರು. ಹೋದ ಮೇಲೆ ಗೊತ್ತಾಯಿತು, ಅವರ ಜೀಪು ಮುದುಮಲೈ ಹುಲಿ ಮೀಸಲಿನ ಒಳಗೆ ಹೋಗುವುದೇ ಇಲ್ಲ. ಊರಿನ ಸುತ್ತಿನ ಡಾಂಬರು ರಸ್ತೆಯಲ್ಲಿ ಒಂದು ಗಂಟೆ ತಿರುಗಿಸಿ ಎರಡು ನವಿಲು, ಒಂದಷ್ಟು ಜಿಂಕೆ ತೋರಿಸಿದರು. ರಾತ್ರಿ ಊಟವಾದ ಮೇಲೆ ಒಬ್ಬ ಹುಡುಗ ಬಂದು "ನೈಟ್ ಸಫಾರಿ ಮಾಡ್ತೀರಾ ಸಾರ್?" ಎಂದು ಮೆತ್ತಗೆ ಕೇಳಿದ. ನಮ್ಮವರು ಬೇಡ ಎಂದರು. ಕಾನೂನು ಒಂದು ಕಡೆ ಇರಲಿ, ಮಲಗಲು ಜಾಗ ಹುಡುಕುವ ಆನೆಯ ಕಣ್ಣಿಗೆ ಲೈಟು ಬಿಟ್ಟರೆ ಏನಾಗುತ್ತದೆ ಎಂದು ನಮಗೆ ತೋಟದಲ್ಲೇ ಗೊತ್ತು. ಮಸಿನಗುಡಿ ಪಕ್ಕದ ಸಿಗೂರು ಕಡೆ ಉಳಿಯುವವರು ಇನ್ನೊಂದು ವಿಷಯ ನೋಡಬೇಕು. ಅಲ್ಲಿನ ಆನೆ ದಾರಿಯನ್ನು 2020ರಲ್ಲಿ ಸುಪ್ರೀಂ ಕೋರ್ಟು ಎತ್ತಿ ಹಿಡಿದಿದೆ. ಆ ದಾರಿಗೆ ಅಡ್ಡ ಕಟ್ಟಿದ ರೆಸಾರ್ಟಿಗೆ ನಮ್ಮ ದುಡ್ಡು ಹೋಗಬಾರದು ಅಲ್ವಾ? ನಾವು ಹೋಗುವ ಮೊದಲು ಅಷ್ಟು ವಿಚಾರಿಸಿರಲಿಲ್ಲ. ಅದು ನಮ್ಮದೇ ತಪ್ಪು.

ಮುದುಮಲೈಯ ಒಳಗೆ ಹೋಗಲು ಇರುವುದು ಅರಣ್ಯ ಇಲಾಖೆಯ ವಾಹನ ಮಾತ್ರ. ತೆಪ್ಪಕಾಡಿನಲ್ಲಿ ಟಿಕೆಟ್. ನಮಗೆ ಬಸ್ಸು ಸಿಕ್ಕಿತು. ಕಿಟಕಿಗೆ ಸರಳು, ಹಿಂದಿನ ಸೀಟಿನಲ್ಲಿ ಚಿಪ್ಸ್ ತಿನ್ನುವ ಮಕ್ಕಳು. ಒಂದು ಕಾಟಿ, ಅಂದರೆ ಕಾಡುಕೋಣ, ಕಂಡಾಗ ಇಡೀ ಬಸ್ಸು ಒಂದೇ ಬದಿಗೆ ವಾಲಿತು. ಕಾಟಿ ತಲೆ ಎತ್ತಿ ನಮ್ಮನ್ನೊಮ್ಮೆ ನೋಡಿ ಪೊದೆಯೊಳಗೆ ಹೋಯಿತು. ನಾನಾದರೂ ಹೋಗುತ್ತಿದ್ದೆ.

ಆದರೆ ಸಂಜೆಯ ತೆಪ್ಪಕಾಡು ಆನೆ ಶಿಬಿರ ಮಾತ್ರ ಬಿಡಬೇಡಿ. ಮೋಯಾರ್ ಹೊಳೆಯ ಬದಿ. ಬೇಯಿಸಿದ ರಾಗಿ, ಹುರುಳಿ, ಅನ್ನಕ್ಕೆ ಬೆಲ್ಲ ಸೇರಿಸಿ ಕಲಸಿ ದೊಡ್ಡ ಮುದ್ದೆ ಮಾಡಿರುತ್ತಾರೆ. ಮಾವುತ ಅದನ್ನು ಎರಡೂ ಕೈಯಲ್ಲಿ ಎತ್ತುತ್ತಾನೆ, ಆನೆ ಬಾಯಿ ತೆರೆಯುತ್ತದೆ, ಮೊಣಕೈವರೆಗೆ ಕೈ ಒಳಗೆ ಹೋಗುತ್ತದೆ. ಒಂದು ಆನೆ ಮುದ್ದೆಯ ಹಸಿರು ಭಾಗವನ್ನು ನಾಲಿಗೆಯಲ್ಲಿ ಬೇರೆ ಮಾಡಿ ಉಗುಳಿತು. ಔಷಧ ಬೆರೆಸಿದ್ದರಂತೆ. ಮಾವುತ ಅದನ್ನು ಹೆಕ್ಕಿ, ಬೈದು, ಬೆಲ್ಲ ಮೆತ್ತಿ ಮತ್ತೆ ಕೊಟ್ಟ. ಕೂಸಿಗೆ ಕಷಾಯ ಕುಡಿಸಿದವರಿಗೆಲ್ಲ ಆ ಬೈಗುಳ ಅರ್ಥವಾಗುತ್ತದೆ, ಭಾಷೆ ಬೇಕಾಗಿಲ್ಲ.

ಕಬಿನಿಯಲ್ಲಿ ನಾವು ಖಾಸಗಿ ರೆಸಾರ್ಟಿನಲ್ಲಿ ಉಳಿದೆವು. ಕೋಣೆಯ ಹಿಂದೆ ಸ್ವಂತ ಈಜುಕೊಳ, ಹಾಸಿಗೆಯ ಮೇಲೆ ಟವೆಲ್ಲಿನಲ್ಲಿ ಮಾಡಿದ ಆನೆ. ಈಜುಕೊಳಕ್ಕೆ ನಾನು ಇಳಿಯಲೇ ಇಲ್ಲ, ಕಾಲು ಇಳಿಬಿಟ್ಟು ಕೂತದ್ದು ಅಷ್ಟೇ. ಹೊರಡುವ ಮೊದಲು ತಿಳಿದಿರಬೇಕಾದದ್ದು ಒಂದುಂಟು: ನಾವು ಎಷ್ಟು ದುಬಾರಿಯ ಕೋಣೆ ಹಿಡಿದರೂ ಕಾಡಿನೊಳಗೆ ಹೋದದ್ದು ಕರ್ನಾಟಕ ಸರ್ಕಾರದ ಜಂಗಲ್ ಲಾಡ್ಜಸ್‌ನ ಜೀಪಿನಲ್ಲೇ. ಪಕ್ಕದಲ್ಲಿ ಬೇರೆ ಹೋಟೆಲಿನವರು, ಅದೇ ದಾರಿ, ಅದೇ ಹುಲಿ. ಇದು ಮೊದಲೇ ಗೊತ್ತಿದ್ದರೆ ನಾವು ಕಾರಾಪುರದ ಅವರ ಲಾಡ್ಜಿನಲ್ಲೇ ಉಳಿಯುತ್ತಿದ್ದೆವು. ಹಿಂದೆ ಮೈಸೂರು ಮಹಾರಾಜರ ಬೇಟೆಯ ಬಂಗಲೆ ಇದ್ದ ಜಾಗ, ದೊಡ್ಡ ಮರಗಳು, ಹೊಳೆ ಎದುರಿಗೇ.

ಹುಲಿ ಕಂಡಿತು. ಎರಡನೇ ದಿನ ಬೆಳಿಗ್ಗೆ. ಮೊದಲು ಮುಸುವ ಕೂಗಿತು, ಆಮೇಲೆ ಕಡವೆ. ಡ್ರೈವರ್ ಇಂಜಿನ್ ಆಫ್ ಮಾಡಿ ಬೆರಳು ಎತ್ತಿದ. ಐದು ನಿಮಿಷ ಏನೂ ಇಲ್ಲ. ಮತ್ತೆ ಹುಲಿ ಲಂಟಾನ ಪೊದೆಯಿಂದ ಹೊರಗೆ ಬಂದು, ದಾರಿ ದಾಟಿ, ಆಚೆಯ ಪೊದೆಗೆ ಹೋಯಿತು. ಹೆಚ್ಚೆಂದರೆ ನಲವತ್ತು ಸೆಕೆಂಡು. ಅದರಲ್ಲಿ ಅರ್ಧ ಹೊತ್ತು ನನಗೆ ಕಂಡದ್ದು ಎದುರಿನ ಸೀಟಿನವರ ಕ್ಯಾಮೆರಾ. ತಿರುಗಿ ನೋಡಿದರೆ ನಮ್ಮವರು ಕೈ ಮುಗಿದು ಕೂತಿದ್ದಾರೆ. ನಮ್ಮ ಹುಲಿ ದೈವ ಪಿಲಿಚಾಮುಂಡಿಯ ಕೋಲದಲ್ಲಿ ನಿಲ್ಲುವ ಹಾಗೆಯೇ. ಫೋಟೋ ತೆಗೆಯಲು ಅವರಿಗೆ ನೆನಪೇ ಆಗಲಿಲ್ಲ. ಎಲ್ಲ ಮುಗಿದ ಮೇಲೆ ಮೊಬೈಲು ಕಿಸೆಯಿಂದ ಹೊರಗೆ ಬಂತು.

ಆದರೆ ಕಬಿನಿ ನನ್ನ ಮನಸ್ಸಿನಲ್ಲಿ ಉಳಿದದ್ದು ಹುಲಿಗಾಗಿ ಅಲ್ಲ, ದೋಣಿಗಾಗಿ. 1974ರಲ್ಲಿ ಅಣೆಕಟ್ಟು ಮುಗಿದಾಗ ಮುಳುಗಿದ ಮರಗಳ ಒಣ ಬೊಡ್ಡೆಗಳು ಇನ್ನೂ ನೀರಿನಲ್ಲಿ ನಿಂತಿವೆ, ಅವುಗಳ ತುದಿಯಲ್ಲಿ ನೀರುಕಾಗೆ ರೆಕ್ಕೆ ಬಿಡಿಸಿ ಒಣಗಿಸುತ್ತಿರುತ್ತದೆ. ಮಾರ್ಚಿನಿಂದ ಮೇವರೆಗೆ ನೀರು ಇಳಿದು ದಡದಲ್ಲಿ ಹಸಿ ಹುಲ್ಲು ಬರುತ್ತದೆ. ಸುತ್ತಿನ ಕಾಡು ಒಣಗಿದಾಗ ಆನೆಗಳೆಲ್ಲ ಅಲ್ಲಿಗೇ ಬರುತ್ತವೆ. ನಾನು ಅರುವತ್ತರವರೆಗೆ ಎಣಿಸಿ ಬಿಟ್ಟೆ. ದೋಣಿಯವನು ಇಂಜಿನ್ ನಿಲ್ಲಿಸಿದ. ಒಂದು ಹೆಣ್ಣಾನೆ ಸೊಂಡಿಲಲ್ಲಿ ಹುಲ್ಲಿನ ಕಟ್ಟು ಸುತ್ತಿ, ಮುಂಗಾಲಿನಿಂದ ಬುಡ ಒದ್ದು ಕಿತ್ತಿತು. ತಿನ್ನುವ ಮೊದಲು ಅದನ್ನು ಮೊಣಕಾಲಿಗೆ ಎರಡು ಸಲ ಪಟಪಟ ಬಡಿದು ಮಣ್ಣು ಉದುರಿಸಿತು. ನಾವು ಹರಿವೆ ಸೊಪ್ಪನ್ನು ಬಾವಿಕಟ್ಟೆಗೆ ಬಡಿಯುತ್ತೇವಲ್ಲ, ಹಾಗೆಯೇ. ಪಕ್ಕದ ಮರಿಗೆ ಬಡಿಯುವುದು ಬರುವುದಿಲ್ಲ, ಮಣ್ಣಿನ ಸಮೇತ ಬಾಯಿಗೆ ಹಾಕಿತು. ಮುಕ್ಕಾಲು ಗಂಟೆ ಹೀಗೇ ಹೋಯಿತು. ದೋಣಿಯಲ್ಲಿದ್ದ ಗೈಡ್ ನಮ್ಮವರಿಗೆ ಒಂದು ಲೆಕ್ಕ ಹೇಳಿಕೊಟ್ಟ: ಆನೆಯ ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ಎರಡರಿಂದ ಗುಣಿಸಿದರೆ ಅದರ ಎತ್ತರ ಹೆಚ್ಚುಕಡಿಮೆ ಸಿಗುತ್ತದೆ. ನಮ್ಮವರು ಅದನ್ನು ಅಡಿಕೆ ಲೆಕ್ಕದ ಪುಸ್ತಕದ ಹಿಂದೆ ಬರೆದಿಟ್ಟುಕೊಂಡರು.

ಮಾರಾಕ್ಕೆ ಹೋಗುವವರಿಗೆ ತಯಾರಿಯೇ ಒಂದು ಕೆಲಸ. ಹಳದಿ ಜ್ವರದ ಲಸಿಕೆ ಕನಿಷ್ಠ 10 ದಿನ ಮೊದಲೇ ಆಗಬೇಕು. ಆ ಕಾರ್ಡು ಇಲ್ಲದೆ ಹಿಂತಿರುಗಿದರೆ ಇಲ್ಲಿ ಕ್ವಾರಂಟೈನ್ ಮಾಡುತ್ತಾರೆ. ಕೆನ್ಯಾಕ್ಕೆ ಈಗ ವೀಸಾ ಬದಲು ಇಟಿಎ, ಅಂದರೆ ಆನ್‌ಲೈನಿನಲ್ಲಿ ಪಡೆಯುವ ಪ್ರಯಾಣದ ಅನುಮತಿ. ಪ್ಲಾಸ್ಟಿಕ್ ಚೀಲ ಅಲ್ಲಿ 2017ರಿಂದ ನಿಷೇಧ, ಹಲಸಿನ ಹಪ್ಪಳವನ್ನು ಬಟ್ಟೆ ಚೀಲದಲ್ಲಿ ಕಟ್ಟಿದೆ. ನೈರೋಬಿಯಿಂದ ಮಾರಾಕ್ಕೆ ಸಣ್ಣ ವಿಮಾನ, ತಲೆಗೆ 15 ಕಿಲೋ, ಅದೂ ಮೆತ್ತಗಿನ ಬ್ಯಾಗು. ಆಗಸ್ಟಿನಲ್ಲಿ ತೋಟದ ಎರಡನೇ ಮದ್ದು ಬಾಕಿ ಇತ್ತು. ಕೊಳೆರೋಗ ಬಂದರೆ ಯಾರು ಹೊಣೆ ಎಂದು ನಮ್ಮವರು ಮುಂಬೈಯವರೆಗೆ ಗೊಣಗಿದರು.

ಎರಡು ರಾತ್ರಿ ಮೀಸಲಿನ ಒಳಗೆ, ಎರಡು ರಾತ್ರಿ ಅದಕ್ಕೆ ತಾಗಿದ ಕನ್ಸರ್ವೆನ್ಸಿಯಲ್ಲಿ. ಈ ವ್ಯತ್ಯಾಸ ಸರಿಯಾಗಿ ತಿಳಿದುಕೊಳ್ಳಿ, ದುಡ್ಡು ಕೊಡುವುದೇ ಇದಕ್ಕೆ. ಮೀಸಲು ಸರ್ಕಾರದ್ದು. ಜುಲೈಯಿಂದ ಡಿಸೆಂಬರಿನವರೆಗೆ ವಿದೇಶಿಯರಿಗೆ ದಿನಕ್ಕೆ ತಲಾ 200 ಡಾಲರ್ ಪ್ರವೇಶ ಶುಲ್ಕ. ದಾರಿ ಬಿಟ್ಟು ಹುಲ್ಲಿಗೆ ಗಾಡಿ ಇಳಿಸುವ ಹಾಗಿಲ್ಲ. ಕನ್ಸರ್ವೆನ್ಸಿ ಮಸಾಯ್ ಕುಟುಂಬಗಳ ಸ್ವಂತ ಜಾಗ. ಕ್ಯಾಂಪಿನವರು ಅವರಿಗೆ ಬಾಡಿಗೆ ಕೊಡುತ್ತಾರೆ. ಅಲ್ಲಿ ಗಾಡಿ ಕಡಿಮೆ, ದಾರಿ ಬಿಟ್ಟು ಹೋಗಬಹುದು, ರಾತ್ರಿಯೂ ಹೋಗಬಹುದು. ಸಿಂಹ ಇರುವ ಜಾಗಕ್ಕೆ ಜಾಗದವನಿಗೇ ಬಾಡಿಗೆ ಎಂದು ಕೇಳಿ ನಮ್ಮವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಮಗೆ ಆನೆ ಬಂದು ಬಾಳೆ ಹಾಳು ಮಾಡಿದ ಮೇಲೆ ಅರ್ಜಿ, ಫೋಟೋ, ನಾಲ್ಕು ಸಲ ಆಫೀಸು.

ಮೀಸಲಿನಲ್ಲಿ ಎಲ್ಲರೂ ಹೇಳುವ ನದಿ ದಾಟುವ ದೃಶ್ಯಕ್ಕೆ ಕಾದೆವು. ಹತ್ತು ಲಕ್ಷಕ್ಕೂ ಮಿಕ್ಕಿ ವೈಲ್ಡ್‌ಬೀಸ್ಟ್‌ಗಳು ಹುಲ್ಲು ಹುಡುಕಿಕೊಂಡು ಟಾಂಜಾನಿಯಾದಿಂದ ಬರುತ್ತವೆ, ಮಾರಾ ನದಿ ದಾಟುತ್ತವೆ, ಮೊಸಳೆ ಕಾದಿರುತ್ತದೆ. ನಾಲ್ಕು ಗಂಟೆ ದಡದಲ್ಲಿ ನಿಂತವು, ಮುಂದೆ ಇದ್ದದ್ದು ನೀರು ಮೂಸಿ ನೋಡಿತು, ಎಲ್ಲವೂ ತಿರುಗಿ ಹೋದವು. ಕಾದ ಗಾಡಿಗಳು ನಮ್ಮ ಬದಿಯಲ್ಲೇ ಮೂವತ್ತರ ಮೇಲೆ. ಜಾತ್ರೆಗೆ ಹೋಗಿ ರಥ ಎಳೆಯುವುದನ್ನು ನೋಡದೆ ಬಂದ ಹಾಗಾಯಿತು.

ಕನ್ಸರ್ವೆನ್ಸಿಯ ಮೊದಲ ಮಧ್ಯಾಹ್ನ ಬೇರೆಯೇ. ಬಿಸಿಲು ಜೋರು. ಎರಡು ಸಿಂಹಿಣಿ, ಐದು ಮರಿ ಒಂದು ಸಣ್ಣ ಮರದ ಕೆಳಗೆ. ನಮ್ಮ ಗಾಡಿಯೊಂದೇ. ಗಾಡಿ ಎಂದು ನಾನು ಸುಮ್ನೆ ಹೇಳುತ್ತಿಲ್ಲ, ಸ್ವಾಹಿಲಿಯಲ್ಲಿ ಅದಕ್ಕೆ 'ಗಾರಿ' ಎಂದೇ ಹೆಸರು. ಚಪಾತಿಗೆ ಚಪಾತಿ, ಚಹಾಕ್ಕೆ ಚಾಯ್. ಗಾಡಿಗೆ ಬದಿಯಲ್ಲಿ ಬಾಗಿಲೂ ಇಲ್ಲ, ಗಾಜೂ ಇಲ್ಲ. ಮರದ ನೆರಳು ಸರಿದಾಗ ಒಂದು ಸಿಂಹಿಣಿ ಎದ್ದು ನೇರ ನಮ್ಮ ಕಡೆ ಬಂತು. ಗೈಡ್ ಕೈ ಕೆಳಗೆ ತೋರಿಸಿದ: ಏಳಬೇಡಿ, ಅಲುಗಬೇಡಿ. ಅದು ನನ್ನ ಸೀಟಿನ ಕೆಳಗೆ, ಗಾಡಿಯ ನೆರಳಿನಲ್ಲಿ, ಟಯರಿಗೆ ಬೆನ್ನು ಒರಗಿಸಿ ದೊಪ್ಪನೆ ಮಲಗಿತು. ಗಾಡಿ ಸ್ವಲ್ಪ ಅಲುಗಿತು. ಎಡಗಿವಿಯ ತುದಿ ಹರಿದಿತ್ತು. ಮೂಗಿನ ಮೇಲೆ ನೊಣ. ಮೀಸೆಯ ಬುಡದಲ್ಲಿ ಕಪ್ಪು ಚುಕ್ಕೆಗಳ ಸಾಲು, ಅದರ ಮೇಲೇ ಒಂದೊಂದು ಸಿಂಹವನ್ನು ಗುರುತಿಸುತ್ತಾರಂತೆ. ವಾಸನೆ ನಮ್ಮ ಹಟ್ಟಿಯದ್ದರ ಹಾಗಲ್ಲ, ಹಸಿ ಚರ್ಮ ಒಣಗಲು ಹಾಕಿದ ಹಾಗೆ. ಒಂದು ಗಂಟೆ ಹತ್ತು ನಿಮಿಷ ಅಲ್ಲೇ ಇದ್ದೆವು. ಅದು ಏಳುವವರೆಗೆ ಗಾಡಿ ತೆಗೆಯುವ ಹಾಗಿಲ್ಲ ತಾನೇ. ಅಷ್ಟು ಹೊತ್ತು ನಮ್ಮವರು ನನ್ನ ಮಣಿಕಟ್ಟು ಹಿಡಿದಿದ್ದರು. ಮೂವತ್ತು ವರ್ಷದಲ್ಲಿ ಇದು ಎಷ್ಟನೇ ಸಲ ಎಂದು ಬೆರಳಲ್ಲಿ ಎಣಿಸಬಹುದು.

ರಾತ್ರಿ ಟೆಂಟಿಗೆ ಹೋಗುವಾಗ ಕಾವಲಿನವನು ಟಾರ್ಚು ಹಿಡಿದು ಜೊತೆಗೆ ಬರುತ್ತಾನೆ, ಕ್ಯಾಂಪಿಗೆ ಬೇಲಿ ಇಲ್ಲ. ಹಾಸಿಗೆಯೊಳಗೆ ಬಿಸಿನೀರಿನ ಚೀಲ ಇಟ್ಟಿದ್ದರು. ಗೊತ್ತಿಲ್ಲದೆ ಕಾಲು ತಾಗಿ ನಾನು ಕಿರುಚಿದೆ. ಇಡೀ ಪ್ರವಾಸದಲ್ಲಿ ನಾನು ಹೆದರಿದ್ದು ಅದೊಂದಕ್ಕೆ. ಊಟ ಮಾತ್ರ ನಮಗಲ್ಲ. ಸಸ್ಯಾಹಾರ ಎಂದು ಬರೆದು ಕಳಿಸಿದ್ದಕ್ಕೆ ಮೂರು ಹೊತ್ತೂ ಚೀಸ್. ನಾಲ್ಕನೇ ದಿನ ಹಪ್ಪಳ ಕೊಟ್ಟು ಸುಟ್ಟುಕೊಡಿ ಎಂದೆ. ಅಡುಗೆಯವನು ತಾನೂ ಎರಡು ತಿಂದ.

ಈಗ ಕೇಳುವವರಿಗೆ ನಾನು ಹೇಳುವುದು ಇಷ್ಟು. ಆನೆಯೇ ಬೇಕಾದರೆ ಏಪ್ರಿಲಿನ ಕಬಿನಿ, ಜೀಪಿಗಿಂತ ಮೊದಲು ದೋಣಿ ಬುಕ್ ಮಾಡಿ. ಕೋಣೆಗೆ ಸುರಿಯುವ ದುಡ್ಡಿನಲ್ಲಿ ಇನ್ನೊಂದು ರಾತ್ರಿ ಉಳಿಯಿರಿ. ಮಸಿನಗುಡಿಗೆ ಲಕ್ಸುರಿ ಹುಡುಕಿಕೊಂಡು ಹೋಗಬೇಡಿ, ಊಟಿಗೆ ಹೋಗುವ ದಾರಿಯಲ್ಲಿ ತೆಪ್ಪಕಾಡಿನ ಸಂಜೆ ನೋಡಿ. ಮಾರಾಕ್ಕೆ ಯಾರಾದರೂ ಕಳಿಸಿದರೆ ನಾಲ್ಕೂ ರಾತ್ರಿ ಕನ್ಸರ್ವೆನ್ಸಿಯಲ್ಲೇ ಇರಿ. ಸ್ವಂತ ದುಡ್ಡಾದರೆ? ನಾನು ಕಬಿನಿಗೇ ಹತ್ತು ಸಲ ಹೋಗುತ್ತೇನೆ. ನಮ್ಮವರು ಒಪ್ಪುವುದಿಲ್ಲ. ಆ ಒಂದು ಗಂಟೆ ಹತ್ತು ನಿಮಿಷಕ್ಕೆ ಇಪ್ಪತ್ತೈದು ಕ್ವಿಂಟಾಲ್ ಜಾಸ್ತಿಯಾಗಲಿಲ್ಲ ಎನ್ನುತ್ತಾರೆ. ಮಗಳ ದುಡ್ಡು ನೋಡಿ.

ಊರಿಗೆ ಬಂದ ಮರುದಿನ ಬೆಳಿಗ್ಗೆ ತೋಟದ ಕೆಳಗಿನ ಬದಿಯಲ್ಲಿ ಬಾಳೆ ಅಡ್ಡ ಬಿದ್ದಿತ್ತು. ಭಾವ ಮೊದಲೇ ಬಂದು ನಿಂತಿದ್ದರು. ನಮ್ಮವರು ಏನೂ ಹೇಳದೆ ಮನೆಗೆ ಬಂದು, ಗೊನೆ ಇಳಿಸುವ ಹಗ್ಗ ತೆಗೆದುಕೊಂಡು ಹೋದರು. ತೋಡಿನ ಬದಿಯ ಕೆಸರಿನಲ್ಲಿ ಒಂದು ಹೆಜ್ಜೆ ಚಂದಕ್ಕೆ ಮೂಡಿತ್ತು. ಅದರ ಅಂಚಿಗೆ ಹಗ್ಗ ಸುತ್ತಿ, ಗಂಟು ಹಾಕಿ, ಟೇಪಿನಲ್ಲಿ ಅಳೆದರು. ನಾಲ್ಕೂವರೆ ಅಡಿ.

"ಒಂಬತ್ತು ಅಡಿ ಎತ್ತರ" ಎಂದರು, ಆ ಕಬಿನಿಯ ಗೈಡಿನ ಸ್ವರದಲ್ಲೇ. "ಗಂಡು ಇರಬೇಕು."

ಭಾವ ಬಿದ್ದ ಬಾಳೆ ಎಣಿಸುತ್ತಿದ್ದರು. ಹದಿನಾಲ್ಕು.