ಎರಡು ದಶಮಾಂಶದ ಪುಟ್ಟ ತಕ್ಕಡಿ: ಮೂರು ತಿಂಗಳು ಬಳಸಿದ ಮೇಲೆ

ಬೆಂಗಳೂರಿನ ನಮ್ಮ ಪದವಿಪೂರ್ವ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯಕ್ಕೆಂದು ಮೂರು ತಿಂಗಳ ಹಿಂದೆ ಒಂದು ಡಿಜಿಟಲ್ ತಕ್ಕಡಿಯನ್ನು ತರಿಸಿದೆ. ಅಂಗೈಯಗಲದ ಈ ಉಪಕರಣ 500 ಗ್ರಾಂವರೆಗೆ ತೂಗುತ್ತದೆ ಮತ್ತು 0.01 ಗ್ರಾಂ ವ್ಯತ್ಯಾಸವನ್ನೂ ಪರದೆಯ ಮೇಲೆ ತೋರಿಸುತ್ತದೆ. ಬೆಲೆ 600 ರೂಪಾಯಿಯೊಳಗೆ. ತಕ್ಕಡಿ ನನಗೆ ಹಿಡಿಸಿದೆ, ಆದರೆ ‘0.01 ಗ್ರಾಂ ನಿಖರತೆ’ ಎಂಬರ್ಥದಲ್ಲಿ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಮಾತನ್ನು ಒಪ್ಪಲಾರೆ.

ಬಂದ ದಿನವೇ ಎಂ1 ದರ್ಜೆಯ 200 ಗ್ರಾಂ ತೂಕದ ಬಟ್ಟನ್ನು ಚಿಮಟದಿಂದ ಹಿಡಿದು ತಟ್ಟೆಯ ನಡುವೆ ಇಟ್ಟೆ. ಈ ದರ್ಜೆಯ ಬಟ್ಟಿನಲ್ಲಿ ಹೆಚ್ಚೆಂದರೆ 10 ಮಿಲಿಗ್ರಾಂ, ಅಂದರೆ 0.01 ಗ್ರಾಂ, ದೋಷಕ್ಕೆ ಮಾತ್ರ ಅವಕಾಶವಿದೆ. ಪ್ರತಿ ಸಲವೂ ಬಟ್ಟನ್ನು ಎತ್ತಿ, ಸೊನ್ನೆ ಬರುವವರೆಗೆ ಕಾದು, ಮತ್ತೆ ಇಟ್ಟು ಹತ್ತು ಅಳತೆ ಬರೆದುಕೊಂಡೆ. ಎಲ್ಲವೂ 199.82 ಮತ್ತು 199.84ರ ನಡುವೆಯೇ ಇದ್ದವು. ಆರು ಸಲ 199.83 ಬಂತು.

ದಿನಬಳಕೆಯ ಮಾತಿನಲ್ಲಿ ನಾವು ಎರಡು ಗುಣಗಳಿಗೂ ‘ನಿಖರ’ ಎಂದುಬಿಡುತ್ತೇವೆ. ತರಗತಿಯಲ್ಲಿ ನಾನು ಅಕ್ಯುರಸಿಗೆ ನಿಖರತೆ, ಪ್ರಿಸಿಷನ್‌ಗೆ ನಿಷ್ಕೃಷ್ಟತೆ ಎಂದು ಬಿಡಿಸಿ ಹೇಳುತ್ತೇನೆ: ಅಳತೆ ನಿಜಬೆಲೆಗೆ ಎಷ್ಟು ಹತ್ತಿರ ಎನ್ನುವುದು ಮೊದಲನೆಯದು, ಮತ್ತೆ ಮತ್ತೆ ಅಳೆದಾಗ ಬರುವ ಬೆಲೆಗಳು ಒಂದಕ್ಕೊಂದು ಎಷ್ಟು ಹತ್ತಿರ ಎನ್ನುವುದು ಎರಡನೆಯದು. ಈ ತಕ್ಕಡಿಯಲ್ಲಿ ನಿಷ್ಕೃಷ್ಟತೆ ಧಾರಾಳವಾಗಿತ್ತು, ನಿಖರತೆಯಲ್ಲಿ 0.17 ಗ್ರಾಂ ಕೊರತೆಯಿತ್ತು. ನೂರು ಸಲ ತೂಗಿ ಸರಾಸರಿ ತೆಗೆದರೆ ಸರಿಹೋಗುವುದಿಲ್ಲವೇ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ಪ್ರತಿ ಅಳತೆಯೂ ಒಂದೇ ದಿಕ್ಕಿಗೆ ಜಾರಿರುವಾಗ ಸರಾಸರಿಯೂ ಅಲ್ಲೇ, 199.83ರ ಬಳಿಯೇ, ಇನ್ನಷ್ಟು ಗಟ್ಟಿಯಾಗಿ ನಿಲ್ಲುತ್ತದೆ.

ಕೊರತೆ ಎಲ್ಲಿಂದ ಬಂತು ಎನ್ನುವುದೇ ನನಗೆ ಅತ್ಯಂತ ಇಷ್ಟವಾದ ಭಾಗ. ತಟ್ಟೆಯ ಕೆಳಗಿನ ಲೋಡ್ ಸೆಲ್, ಅಂದರೆ ಒತ್ತಡವನ್ನು ವಿದ್ಯುತ್ ಸಂಕೇತವಾಗಿಸುವ ಸಂವೇದಕ, ಅಳೆಯುವುದು ಭಾರವನ್ನು, ಅಂದರೆ ಗುರುತ್ವದ ಎಳೆತವನ್ನು. ಅದನ್ನು ಗ್ರಾಂಗೆ ಬದಲಾಯಿಸುವ ಲೆಕ್ಕವನ್ನು ಕಾರ್ಖಾನೆಯಲ್ಲೇ ಹೊಂದಿಸಿರುತ್ತಾರೆ. ಪೆಟ್ಟಿಗೆಯ ಪ್ರಕಾರ ಇದು ಚೀನಾದಲ್ಲಿ ತಯಾರಾದದ್ದು. ಉದಾಹರಣೆಗೆ, ಅಲ್ಲಿನ ಗುವಾಂಗ್‌ಝೌ ನಗರದಲ್ಲಿ ಗುರುತ್ವ ವೇಗೋತ್ಕರ್ಷ ಸುಮಾರು 9.788 ಮೀ/ಸೆ², ಸಮಭಾಜಕಕ್ಕೆ ಇನ್ನಷ್ಟು ಹತ್ತಿರವಿದ್ದು, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಅದು ಸುಮಾರು 9.780. ಅಲ್ಲಿ ಹೊಂದಿಸಿದ ತಕ್ಕಡಿಯನ್ನು ಇಲ್ಲಿಗೆ ತಂದರೆ 200 ಗ್ರಾಂಗೆ 0.16 ಗ್ರಾಂನಷ್ಟು ಕಡಿಮೆ ತೋರಿಸಲೇಬೇಕು. ನಮ್ಮ ಹಳೆಯ ಎರಡು ತಟ್ಟೆಗಳ ತಕ್ಕಡಿಗೆ ಈ ತೊಂದರೆಯಿಲ್ಲ, ಏಕೆಂದರೆ ಎರಡೂ ಬದಿಯನ್ನು ಒಂದೇ ಗುರುತ್ವ ಎಳೆಯುತ್ತದೆ.

ಪರಿಹಾರ ತಕ್ಕಡಿಯಲ್ಲೇ ಇದೆ. ಮೋಡ್ ಗುಂಡಿಯನ್ನು ಒತ್ತಿ ಹಿಡಿದಾಗ ಪರದೆಯ ಮೇಲೆ ‘ಕ್ಯಾಲ್’ ಎಂದು ಬಂದು, ಆಮೇಲೆ 200.00 ಮಿನುಗುತ್ತದೆ, ಬಟ್ಟನ್ನು ಇಟ್ಟು ಕೈ ತೆಗೆದರೆ ಕೆಲವು ಸೆಕೆಂಡುಗಳಲ್ಲಿ ‘ಪಾಸ್’ ಎನ್ನುತ್ತದೆ. ಆಮೇಲಿನ ಹತ್ತು ಅಳತೆಗಳು 199.99ರಿಂದ 200.01ರೊಳಗೆ ಬಂದವು. ಚೆದುರುವಿಕೆ ಮೊದಲಿನಷ್ಟೇ ಉಳಿಯಿತು, ಗುಂಪು ಮಾತ್ರ ಸರಿಯಾದ ಜಾಗಕ್ಕೆ ಸರಿಯಿತು. ಆದರೆ ಇದಕ್ಕೆ ಬೇಕಾದ ಬಟ್ಟನ್ನು ತಯಾರಕರು ಪೆಟ್ಟಿಗೆಯಲ್ಲಿ ಕೊಡುವುದಿಲ್ಲ. ಸಾಮಾನ್ಯ ಗ್ರಾಹಕರು ಇದನ್ನು ಎಲ್ಲಿಂದ ತರಬೇಕು? ಇದು ದೊಡ್ಡ ಲೋಪ.

ಅಡುಗೆಗೆ, ಕಾಫಿಪುಡಿಗೆ ಈ ತಕ್ಕಡಿ ಹಾಗೆಯೇ ಸಾಕು. ವ್ಯಾಪಾರಕ್ಕೆ ಬಳಸಲಾಗದು, ಅದಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿರುವ ತಕ್ಕಡಿಯೇ ಬೇಕು. ಪ್ರಯೋಗಾಲಯಕ್ಕೆ ಕೊಳ್ಳುವವರು ಎಂ1 ದರ್ಜೆಯ ಬಟ್ಟಿನ ಹಣವನ್ನೂ ಸೇರಿಸಿಯೇ ಬೆಲೆಯನ್ನು ಲೆಕ್ಕ ಹಾಕಬೇಕು. ನಮ್ಮಲ್ಲಿ ಈಗ ಬಟ್ಟಿನ ಡಬ್ಬಿ ತಕ್ಕಡಿಯ ಪಕ್ಕದಲ್ಲೇ ಇರುತ್ತದೆ, ಮತ್ತು ಪ್ರತಿ ತಂಡವೂ ಪ್ರಯೋಗ ಶುರುಮಾಡುವ ಮೊದಲು ಅದನ್ನು ತೂಗಿ, ಬಂದ ಅಂಕಿಯನ್ನು ರೆಕಾರ್ಡ್ ಪುಸ್ತಕದ ಮೊದಲ ಸಾಲಿನಲ್ಲಿ ಬರೆದುಕೊಳ್ಳುತ್ತದೆ.